ಬಿಸಿಯಾದ ಮೇಲೆ ನಿಂತುಬಿಡುವ ಹಳೇ ಡರ್ಟ್ ಬೈಕ್: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಬೆಳಗ್ಗೆ ಚೋಕ್ ಹಾಕಿ ಒಂದೆರಡು ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ. 15-20 ನಿಮಿಷ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಎಲ್ಲೋ ಏರು ಹತ್ತುವಾಗ ಒಂದು ಸಲ ಮಿಸ್ ಹೊಡೆಯುತ್ತದೆ, ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಸಲ ಮಿಸ್ ಹೊಡೆದು ನಿಂತೇ ಹೋಗುತ್ತದೆ. ಕಾಲು ಸೋತುಹೋಗುವಷ್ಟು ಕಿಕ್ ಹೊಡೆದರೂ ಒಂದು ಸದ್ದಿಲ್ಲ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ ಮತ್ತೆ ಹೊಡೆದರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್!

ಹಳೇ ಟೂ ಸ್ಟ್ರೋಕ್ ಡರ್ಟ್ ಬೈಕ್ ಇಟ್ಟುಕೊಂಡವರಲ್ಲಿ ಈ ಕಾಟ ಅನುಭವಿಸದವರು ಕಮ್ಮಿ. 1968ರಲ್ಲಿ ಬಂದ ಯಮಹಾ ಡಿಟಿ-1 ಇರಲಿ, 1973ರ ಹೋಂಡಾ ಎಲ್ಸಿನೋರ್ ಇರಲಿ, ಅದೇ ಕಾಲದ ಮೈಕೋ, ಹಸ್ಕ್‌ವರ್ನಾ, ಸಿಝಡ್, ಬುಲ್ಟಾಕೊ ಇರಲಿ, ಎಲ್ಲದರ ಮೂಲ ರಚನೆ ಹೆಚ್ಚುಕಮ್ಮಿ ಒಂದೇ. ಗಾಳಿಯಿಂದ ತಣ್ಣಗಾಗುವ ಎಂಜಿನ್, ಕಿಕ್ ಸ್ಟಾರ್ಟ್, ಬ್ಯಾಟರಿಯ ಹಂಗಿಲ್ಲದೆ ಮ್ಯಾಗ್ನೆಟ್‌ನಿಂದಲೇ (ಎಂಜಿನ್ ಜೊತೆ ತಿರುಗುವ ಅಯಸ್ಕಾಂತದ ಚಕ್ರ) ಹುಟ್ಟುವ ಕರೆಂಟು. ಹಾಗಾಗಿ ಹುಡುಕುವ ದಾರಿಯೂ ಒಂದೇ.

ಗಾಡಿ ನಿಂತ ಕೂಡಲೇ ಎಲ್ಲರ ಕೈ ಹೋಗುವುದು ಕಾರ್ಬುರೇಟರ್‌ಗೆ. ಬಿಚ್ಚುತ್ತಾರೆ, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಊದುತ್ತಾರೆ, ಮತ್ತೆ ಹಾಕುತ್ತಾರೆ, ಗಾಡಿ ಸ್ಟಾರ್ಟ್ ಆಗುತ್ತದೆ, "ಕಸ ಸಿಕ್ಕಿತ್ತು" ಅಂತ ತೀರ್ಮಾನ ಕೊಡುತ್ತಾರೆ. ಅಷ್ಟು ಹೊತ್ತಿಗೆ ಎಂಜಿನ್ ತಣ್ಣಗಾಗಿತ್ತು, ಅಷ್ಟೇ. ಜೆಟ್‌ನಲ್ಲಿ ಕೂತ ಕಸ ತಣ್ಣಗಾದ ಮಾತ್ರಕ್ಕೆ ಎದ್ದು ಹೋಗುವುದಿಲ್ಲ ಅಲ್ವಾ? ಬಿಸಿಗೆ ಬದಲಾಗುವ ವಸ್ತುಗಳನ್ನು ಮೊದಲು ಅನುಮಾನಿಸಬೇಕು: ಕಾಯಿಲ್ ಒಳಗಿನ ತಂತಿ, ಕಂಡೆನ್ಸರ್ (ಕರೆಂಟನ್ನು ಒಂದು ಕ್ಷಣ ಹಿಡಿದಿಡುವ ಭಾಗ), ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಆಯಿಲ್ ಸೀಲ್, ಪಿಸ್ಟನ್ ಮತ್ತು ರಿಂಗು. ಇನ್ನೊಂದು ಮಾತು, ಇದೇ ಇಡೀ ಕೆಲಸದ ಜೀವ: ಗಾಡಿ ನಿಂತ ಮೊದಲ ಎರಡು ಮೂರು ನಿಮಿಷದಲ್ಲಿ, ಬಿಸಿ ಬಿಸಿ ಇರುವಾಗಲೇ ಪರೀಕ್ಷೆ ಮಾಡಬೇಕು. ಮನೆಗೆ ತಳ್ಳಿಕೊಂಡು ಬಂದು ಸಂಜೆ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಅದಕ್ಕೇ ಸೊಂಟದ ಚೀಲದಲ್ಲಿ ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಒಂದು ಸ್ಪಾರ್ಕ್ ಟೆಸ್ಟರ್, ದಪ್ಪ ಕೈಗವಸು ಇರಲಿ.

ನಿಂತ ಜಾಗದಲ್ಲೇ ಮಾಡುವ ಪರೀಕ್ಷೆ

ಮೊದಲು ಟ್ಯಾಂಕ್ ಮುಚ್ಚಳ ತೆಗೆಯಿರಿ. "ಸ್ಸ್" ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಪೆಟ್ರೋಲ್ ಇಳಿದಂತೆ ಟ್ಯಾಂಕಿನಲ್ಲಿ ಗಾಳಿ ಕಮ್ಮಿಯಾಗುತ್ತದೆ, ಒಂದು ಹಂತದಲ್ಲಿ ಇಳಿಯುವುದೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಮೆಲ್ಲಗೆ ಒಳಗೆ ನುಸುಳಿ ಮತ್ತೆ ಸರಿಹೋಗುತ್ತದೆ. ಇದಕ್ಕೂ ಬಿಸಿಗೂ ಸಂಬಂಧವೇ ಇಲ್ಲ, ಆದರೆ ಲಕ್ಷಣ ಥೇಟ್ ಬಿಸಿ ದೋಷದ ಹಾಗೇ ಇರುತ್ತದೆ. ಮುಚ್ಚಳ ತೆಗೆದು ಒಂದು ನಿಮಿಷ ಕಾದು ಕಿಕ್ ಹೊಡೆದಾಗ ಸ್ಟಾರ್ಟ್ ಆದರೆ ನಿಮ್ಮ ಅದೃಷ್ಟ. ತೂತಿಗೆ ಒಂದು ತೆಳು ತಂತಿ ಹಾಕಿ, ಹೊರಗಿನ ರಬ್ಬರ್ ಪೈಪು ಮಡಚಿಕೊಂಡಿದೆಯಾ ನೋಡಿ, ಕೆಲಸ ಮುಗಿಯಿತು. ಆ ಪೈಪಿನೊಳಗೆ ಒಂದೇ ಕಡೆ ಬಿಡುವ ಚಿಕ್ಕ ವಾಲ್ವ್ ಇದ್ದರೆ ಅದನ್ನು ಉಲ್ಟಾ ಹಾಕಿರುವ ಸಾಧ್ಯತೆಯನ್ನೂ ಮರೆಯಬೇಡಿ.

ಎರಡನೆಯದು ಪ್ಲಗ್. ಬಿಚ್ಚಿ ತುದಿ ನೋಡಿ. ಪೆಟ್ರೋಲಿನಲ್ಲಿ ತೊಯ್ದಿದೆಯಾ, ಒಣಗಿದೆಯಾ? ಇದೊಂದೇ ಉತ್ತರ ಅರ್ಧ ದಾರಿ ತೋರಿಸುತ್ತದೆ. ಬಣ್ಣದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯದು ಕಿಡಿ. ಪ್ಲಗ್ಗನ್ನು ಹೆಡ್‌ಗೆ ಒತ್ತಿ ಹಿಡಿದು ಕಿಕ್ ಹೊಡೆದು "ಕಿಡಿ ಬರ್ತಿದೆ" ಅಂತ ಹೇಳುವವರೇ ಜಾಸ್ತಿ. ಅದು ಸಾಲದು. ಪ್ಲಗ್‌ನ ಸಂದು 0.6 ಮಿ.ಮೀ. ಆಸುಪಾಸು ಇರುತ್ತದೆ. ಬಯಲು ಗಾಳಿಯಲ್ಲಿ ಅಷ್ಟು ದೂರ ಸೋತ ಕಾಯಿಲ್ ಕೂಡ ಹಾರಿಸುತ್ತದೆ. ಸಿಲಿಂಡರ್ ಒಳಗೆ ಒತ್ತಡ ಏರಿದಾಗ ಅದೇ ಕಿಡಿ ಹಾರುವುದಿಲ್ಲ. 6 ಮಿ.ಮೀ. ಸಂದು ಇರುವ ಟೆಸ್ಟರ್ ಹಾಕಿ ನೋಡಿ. ನೀಲಿ ಬಿಳಿ ಬಣ್ಣದ ಕಿಡಿ ಚಟ್ ಅಂತ ಸದ್ದು ಮಾಡಿ ಹಾರಬೇಕು. ದಾರದಷ್ಟು ಸಣ್ಣಗೆ ಕಿತ್ತಳೆ ಬಣ್ಣದಲ್ಲಿ ಬಂದರೆ, ಅಥವಾ ಒಂದು ಕಿಕ್‌ಗೆ ಬಂದು ಮೂರು ಕಿಕ್‌ಗೆ ಬರದಿದ್ದರೆ, ದೋಷ ಇಗ್ನಿಶನ್‌ನಲ್ಲಿದೆ. ಎರಡು ಎಚ್ಚರಿಕೆ: ಕಿಕ್ ಹೊಡೆಯುವಾಗ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಉಗಿಯುತ್ತದೆ, ಕಿಡಿ ಅದರ ಹತ್ತಿರ ಇರಬಾರದು. ಮತ್ತೆ ಸಿಡಿಐ (ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಗಾಡಿಯಲ್ಲಿ ಪ್ಲಗ್ ವೈರನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಬೇಡಿ, ಸಿಡಿಐ ಸುಟ್ಟುಹೋಗಬಹುದು.

ಕೊನೆಗೆ, ಪ್ಲಗ್ ವಾಪಸ್ ಹಾಕಿ ಕೈಯಿಂದ ಕಿಕ್ಕರ್ ಒತ್ತಿ. ತಣ್ಣಗಿದ್ದಾಗ ಕೈಗೆ ಗಟ್ಟಿಯಾಗಿ ಎದುರು ನಿಲ್ಲುತ್ತಿದ್ದ ಎಂಜಿನ್ ಈಗ ಮೆತ್ತಗೆ ಇಳಿದುಹೋದರೆ ಅದೂ ಒಂದು ಸುಳಿವು.

ಇಳಿಜಾರು ಇದ್ದರೆ ಗೇರ್ ಹಾಕಿ ತಳ್ಳಿಯೂ ನೋಡಿ. ಕಿಕ್‌ಗೆ ಜಗ್ಗದ್ದು ತಳ್ಳಿದಾಗ ಹೊತ್ತಿಕೊಂಡರೆ, ಒಂದೋ ಕಿಡಿ ಸೋತಿದೆ, ಇಲ್ಲ ಕಂಪ್ರೆಶನ್ (ಸಿಲಿಂಡರ್ ಒಳಗೆ ಏರುವ ಒತ್ತಡ) ಸೋತಿದೆ. ತಳ್ಳಿದಾಗ ಮ್ಯಾಗ್ನೆಟ್ ವೇಗವಾಗಿ ತಿರುಗುತ್ತದೆ, ಹಾಗಾಗಿ ಸೋತ ಕಾಯಿಲ್‌ನಿಂದಲೂ ಸಾಕಷ್ಟು ಕರೆಂಟು ಹುಟ್ಟುತ್ತದೆ.

ಕಿಡಿ ಇಲ್ಲ, ಅಥವಾ ಸೋತಿದೆ

ಬಿಸಿಯಾದ ಮೇಲೆ ನಿಲ್ಲುವ ಗಾಡಿಗಳಲ್ಲಿ ನಾನು ಮೊದಲು ಬೆರಳು ತೋರಿಸುವುದು ಇಲ್ಲಿಗೇ. ಆದರೆ ಮ್ಯಾಗ್ನೆಟ್ ಬಿಚ್ಚುವ ಮೊದಲು ಸುಲಭದ್ದು ನೋಡಿ. ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್ಚಿನ ವೈರ್ ಕಳಚಿ ಇನ್ಸುಲೇಶನ್ ಟೇಪ್ ಸುತ್ತಿ ಗಾಡಿ ಓಡಿಸಿ. ಈ ಗಾಡಿಗಳಲ್ಲಿ ಕರೆಂಟನ್ನು ಗಾಡಿಯ ಫ್ರೇಮಿಗೆ ತಾಗಿಸಿಯೇ ಎಂಜಿನ್ ನಿಲ್ಲಿಸುವುದು. 50 ವರ್ಷದ ವೈರ್ ಟ್ಯಾಂಕಿನ ಅಡಿಯಲ್ಲಿ ಉಜ್ಜಿ ಸಿಪ್ಪೆ ಬಿಟ್ಟಿದ್ದರೆ ತನ್ನಷ್ಟಕ್ಕೆ ತಾನೇ ಕಿಲ್ ಆಗುತ್ತಿರುತ್ತದೆ. ಸ್ವಿಚ್ ಕಳಚಿ ಓಡಿಸುವಾಗ ಎಂಜಿನ್ ನಿಲ್ಲಿಸಲು ಬೇರೆ ದಾರಿ ನೆನಪಿರಲಿ: ಬ್ರೇಕ್ ಒತ್ತಿ ಗೇರಿನಲ್ಲಿ ಕ್ಲಚ್ ಬಿಡುವುದು. ಖಾಲಿ ಬಯಲಿನಲ್ಲಿ ಮಾಡಿ.

ಆಮೇಲೆ ಪ್ಲಗ್ ಕ್ಯಾಪ್. ಅದನ್ನು ವೈರಿನಿಂದ ತಿರುಗಿಸಿ ಬಿಚ್ಚಿ, ವೈರಿನ ತುದಿ ಹಸಿರುಗಟ್ಟಿದ್ದರೆ ಒಂದು ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ಕ್ಯಾಪ್ ತಿರುಗಿಸಿ. ರೆಸಿಸ್ಟರ್ ಇರುವ ಕ್ಯಾಪ್ ಸಾಮಾನ್ಯವಾಗಿ 5 ಕಿಲೊ ಓಮ್ ತೋರಿಸಬೇಕು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಎಸೆಯಿರಿ.

ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಜೋಡಿಸುವ ಲೋಹದ ತುದಿಗಳು) ಇರುವ ಗಾಡಿಯಾದರೆ ಮುಂದಿನ ಅನುಮಾನ ಕಂಡೆನ್ಸರ್. ಮ್ಯಾಗ್ನೆಟ್ ಒಳಗೆ, ಬಿಸಿ ಎಂಜಿನ್‌ಗೆ ಅಂಟಿಕೊಂಡೇ ಕೂತಿರುತ್ತದೆ ಪಾಪ. ಬಿಸಿಯಾದಾಗ ಒಳಗೆ ಕರೆಂಟು ಸೋರಲು ಶುರುವಾಗುತ್ತದೆ, ತಣ್ಣಗಾದರೆ ಮತ್ತೆ ಸರಿ. ಮ್ಯಾಗ್ನೆಟ್‌ನ ಕಿಂಡಿಯಲ್ಲಿ ಇಣುಕಿ ನೋಡುತ್ತಾ ಕತ್ತಲಲ್ಲಿ ಕಿಕ್ ಹೊಡೆಸಿದಾಗ ಪಾಯಿಂಟ್ ಮಧ್ಯೆ ದಪ್ಪ ಕಿಡಿ ಕಂಡರೆ, ಅಥವಾ ಪಾಯಿಂಟ್ ಮುಖದಲ್ಲಿ ಒಂದು ಕಡೆ ಗುಂಡಿ ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಕಂಡೆನ್ಸರ್ ಹೋಗಿದೆ ಅಂತಲೇ ತಿಳಿಯಿರಿ. ಮಲ್ಟಿಮೀಟರ್‌ನಲ್ಲಿ 0.2ರಿಂದ 0.3 ಮೈಕ್ರೊಫ್ಯಾರಡ್ ತೋರಿಸಿದರೂ ನಂಬಬೇಡಿ, ಮೀಟರ್ ಕೊಡುವ ವೋಲ್ಟೇಜ್ ತೀರಾ ಕಮ್ಮಿ, ನೂರಾರು ವೋಲ್ಟಿಗೆ ಸೋರುವುದು ಅದಕ್ಕೆ ಗೊತ್ತಾಗುವುದಿಲ್ಲ. ಸುಮ್ನೆ ಬದಲಾಯಿಸಿ. ಕಪಾಟಿನಲ್ಲಿ ದಶಕಗಟ್ಟಲೆ ಕೂತ "ಒರಿಜಿನಲ್" ಹಳೇ ಸ್ಟಾಕಿಗಿಂತ ಈಗ ತಯಾರಾದ ಹೊಸದು ವಾಸಿ. ಜಾಣರು ಅದನ್ನು ಮ್ಯಾಗ್ನೆಟ್‌ನಿಂದ ಹೊರಗೆ ತಂದು ಟ್ಯಾಂಕ್ ಅಡಿಯಲ್ಲಿ ಇಗ್ನಿಶನ್ ಕಾಯಿಲ್ ಪಕ್ಕ ಕೂರಿಸುತ್ತಾರೆ. ಅಲ್ಲಿ ಬಿಸಿ ಕಮ್ಮಿ, ವೈರಿಂಗ್ ಲೆಕ್ಕ ಅದೇ.

ಪಾಯಿಂಟ್ ಸಂದು ಬಹಳಷ್ಟು ಗಾಡಿಗಳಲ್ಲಿ 0.3ರಿಂದ 0.4 ಮಿ.ಮೀ. ಪಾಯಿಂಟಿನ ಹಿಮ್ಮಡಿ (ತಿರುಗುವ ಕ್ಯಾಮ್‌ಗೆ ಉಜ್ಜುವ ತುದಿ) ಸವೆದಂತೆ ಸಂದು ಕಮ್ಮಿಯಾಗುತ್ತದೆ, ಟೈಮಿಂಗ್ ಕೂಡ ಜಾರುತ್ತದೆ. ಸಂದು ಸರಿ ಮಾಡಿದ ಮೇಲೆ ಟೈಮಿಂಗ್ ನೋಡಲೇಬೇಕು. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ, ಪಿಸ್ಟನ್ ಮೇಲ್ತುದಿಗೆ ಬರುವ ಎಷ್ಟು ಮಿಲಿಮೀಟರ್ ಮೊದಲು ಪಾಯಿಂಟ್ ತೆರೆಯಬೇಕು ಅಂತ ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳುತ್ತದೋ ಅಲ್ಲಿಗೆ ಇಡಿ.

ಇನ್ನು ಮ್ಯಾಗ್ನೆಟ್ ಒಳಗಿನ ಕಾಯಿಲ್. ಇದನ್ನು ಮೇಜಿನ ಮೇಲೆ ಹಿಡಿಯಬಹುದು, ಬೇಕಿರುವುದು ಮಲ್ಟಿಮೀಟರ್ ಮತ್ತು ಕೂದಲು ಒಣಗಿಸುವ ಡ್ರೈಯರ್. ಮ್ಯಾಗ್ನೆಟ್ ಕಳಚಲು ಆ ಗಾಡಿಯದೇ ಪುಲ್ಲರ್ ತನ್ನಿ. ಕೆಲವದರಲ್ಲಿ ಉಲ್ಟಾ ಥ್ರೆಡ್ ಇರುತ್ತದೆ, ಸುತ್ತಿಗೆಯಿಂದ ಹೊಡೆದು ತೆಗೆಯುವ ಸಾಹಸ ಬೇಡ. ಕಳಚಿದಾಗ ಅಲ್ಲಿರುವ ಅರ್ಧಚಂದ್ರಾಕಾರದ ಕೀ ನೋಡಿ. ಅದು ಸ್ವಲ್ಪ ತುಂಡಾಗಿ ಜಾರಿದ್ದರೂ ಟೈಮಿಂಗ್ ಪೂರ್ತಿ ಕೆಟ್ಟಿರುತ್ತದೆ. ಈಗ ಕಾಯಿಲ್‌ನ ಎರಡು ತುದಿಗೆ ಮೀಟರ್ ಕಚ್ಚಿಸಿ ತಣ್ಣನೆಯ ಅಳತೆ ಬರೆದುಕೊಳ್ಳಿ. ಡ್ರೈಯರ್ ಹಿಡಿದು ಮೆಲ್ಲಗೆ ಬಿಸಿ ಮಾಡುತ್ತಾ ಅಂಕಿ ನೋಡುತ್ತಿರಿ. ಅಂಕಿ ಏರುತ್ತದೆ, ಗಾಬರಿ ಬೇಡ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4% ಏರುವುದು ಸಹಜ. ತಣ್ಣಗಿದ್ದಾಗ 300 ಓಮ್ ಇದ್ದ ಕಾಯಿಲ್ 60 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 370 ಓಮ್ ತೋರಿಸಬೇಕು. ನೀವು ಕಾಯುತ್ತಿರುವುದು ಬೇರೆಯದಕ್ಕೆ. ಮೆಲ್ಲಗೆ 340, 345, 350 ಅಂತ ಹತ್ತುತ್ತಿದ್ದ ಅಂಕಿ ಇದ್ದಕ್ಕಿದ್ದ ಹಾಗೆ ಕುಣಿಯುತ್ತದೆ, ಇಲ್ಲ ತಂತಿ ಕಡಿದ ಹಾಗೆ ಮೀಟರ್ ಖಾಲಿ ತೋರಿಸುತ್ತದೆ, ಇಲ್ಲ ಏರಬೇಕಾದದ್ದು ದಿಢೀರನೆ ಇಳಿಯುತ್ತದೆ. ಡ್ರೈಯರ್ ದೂರ ಹಿಡಿದ ಒಂದು ನಿಮಿಷಕ್ಕೆ ಮತ್ತೆ ಸರಿಯಾದ ಅಂಕಿ. ಅಷ್ಟು ಕಂಡರೆ ಸಾಕು. ಬಿಸಿಗೆ ಹಿಗ್ಗಿದಾಗ ಒಳಗೆ ಕಡಿದ ತಂತಿ ಬಿಟ್ಟುಕೊಳ್ಳುತ್ತಿದೆ, ಅಥವಾ ವಾರ್ನಿಶ್ ಹೋಗಿ ಸುತ್ತುಗಳು ಒಂದಕ್ಕೊಂದು ತಾಗುತ್ತಿವೆ. ವೈಂಡಿಂಗ್ ಮಾಡುವವರ ಹತ್ತಿರ ಹೊಸದಾಗಿ ಸುತ್ತಿಸಬಹುದು. ಎಪಾಕ್ಸಿಯಲ್ಲಿ ಮುಳುಗಿಸಿದ ಕಾಯಿಲ್ ಆದರೆ ಬಿಡಿಸಿ ಸುತ್ತುವುದು ದೊಡ್ಡ ತಲೆನೋವು, ಹೊಸ ಸ್ಟೇಟರ್ (ಕಾಯಿಲ್ ಕೂತಿರುವ ತಟ್ಟೆ) ಹಾಕುವುದೇ ಲೇಸು.

ಡ್ರೈಯರ್ ಪರೀಕ್ಷೆಯಲ್ಲಿ ಪಾಸಾದ ಕಾಯಿಲ್ ನಿಜಕ್ಕೂ ಚೆನ್ನಾಗಿದೆ ಅಂತ ಪೂರ್ತಿ ಹೇಳಲಾಗದು, ಆದರೆ ಫೇಲಾದದ್ದು ಖಂಡಿತ ಕೆಟ್ಟಿದೆ.

ಕಿಡಿ ಇದೆ, ಪ್ಲಗ್ ತೊಯ್ದಿದೆ

ಪೆಟ್ರೋಲ್ ಜಾಸ್ತಿಯಾಗಿದೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಚೋಕ್ ತೆಗೆದು, ಆಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆಯಿರಿ. ಒಣ ಪ್ಲಗ್ ಹಾಕಿದರೆ ಇನ್ನೂ ಬೇಗ. ಹೀಗೆ ಹೊತ್ತಿಕೊಂಡರೆ ಕಾರ್ಬುರೇಟರ್ ಬಿಚ್ಚುವ ಸರದಿ ಈಗ ಬಂತು: ಫ್ಲೋಟ್ ಸೂಜಿಯ ತುದಿಯಲ್ಲಿ ಉಂಗುರದ ಹಾಗೆ ಸವೆದ ಗುರುತು, ಪೆಟ್ರೋಲ್ ಕುಡಿದು ಮುಳುಗುವ ಫ್ಲೋಟು, ಚೋಕ್ ಪ್ಲಂಜರಿನ ಅಡಿಯ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುವುದು. ತಣ್ಣಗಿದ್ದಾಗ ಜಾಸ್ತಿ ಪೆಟ್ರೋಲ್ ಬೇಕಾದ್ದರಿಂದ ಈ ಸೋರಿಕೆ ಗೊತ್ತಾಗುವುದಿಲ್ಲ, ಬಿಸಿಯಾದ ಮೇಲೆ ಗಂಟಲಿಗೆ ಬರುತ್ತದೆ. ಗಾಡಿ ಬಿದ್ದು ಮಲಗಿದ ಮೇಲೆ ಸ್ಟಾರ್ಟ್ ಆಗದಿದ್ದರೂ ಇದೇ ಮದ್ದು.

ಪ್ಲಗ್ ಮೇಲಿನ ಹಸಿ ಪೆಟ್ರೋಲಿನ ಹಾಗಿಲ್ಲ, ಜಿಡ್ಡಾಗಿದೆ, ಹಿಂದೆ ಬಿಳಿ ಹೊಗೆ ಮೋಡದಂತೆ ಬರುತ್ತಿತ್ತು, ಗೇರ್ ಆಯಿಲ್ ಎಲ್ಲೂ ಸೋರದೆ ಕಮ್ಮಿಯಾಗುತ್ತಿದೆ ಅಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತಿದೆ.

ಕಿಡಿ ಇದೆ, ಪ್ಲಗ್ ಒಣಗಿದೆ

ಕಾರ್ಬುರೇಟರಿನ ಪೈಪ್ ಕಳಚಿ ಒಂದು ಬಾಟಲಿಗೆ ಬಿಡಿ. ಎಂಜಿನ್ ಕಡೆಯಿಂದ ದೂರ, ಬೆಂಕಿಯ ನೆನಪಿಟ್ಟುಕೊಂಡು. ಧಾರೆ ಒಂದು ನಿಮಿಷ ಸಮನಾಗಿ ಬರಬೇಕು. ಚೆನ್ನಾಗಿ ಶುರುವಾಗಿ ಸಣ್ಣಗಾದರೆ ಗಾಳಿ ತೂತು ಅಥವಾ ಕಾಕ್‌ನ ಜಾಲರಿ. ತುಕ್ಕಿನ ಪುಡಿ ಅಲ್ಲಾಡುತ್ತಾ ಜಾಲರಿಯನ್ನು ಮುಚ್ಚುತ್ತದೆ, ಗಾಡಿ ನಿಂತ ಮೇಲೆ ತಳಕ್ಕೆ ಇಳಿದು ದಾರಿ ಬಿಡುತ್ತದೆ.

1970ರ ದಶಕದ ಬುಲ್ಟಾಕೊ ತರಹದ ಸ್ಪೇನ್ ಗಾಡಿಗಳಲ್ಲಿ ಫೈಬರ್ ಗ್ಲಾಸ್ ಟ್ಯಾಂಕ್ ಇರುತ್ತದೆ. ಇವತ್ತಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಆ ಹಳೇ ರಾಳವನ್ನು ಮೆತ್ತಗೆ ಮಾಡಿ ಕರಗಿಸುತ್ತದೆ. ಕರಗಿದ ಅಂಟು ಕಾಕ್, ಜೆಟ್, ರಿಂಗ್ ಎಲ್ಲ ಕಡೆ ಹೋಗಿ ಕೂರುತ್ತದೆ. ಕಾಕ್ ಬಿಚ್ಚಿದಾಗ ಕಂದು ಬಣ್ಣದ ಅಂಟು ಕೈಗೆ ಹತ್ತಿದರೆ ಜೆಟ್ ತೊಳೆದು ಪ್ರಯೋಜನವಿಲ್ಲ. ಟ್ಯಾಂಕಿನ ಒಳಗೆ ಎಥನಾಲ್ ತಡೆಯುವ ಲೇಪನ ಹಾಕಿಸಿ, ಇಲ್ಲ ಓಡಿಸಲು ಬೇರೆ ಅಲ್ಯೂಮಿನಿಯಂ ಟ್ಯಾಂಕ್ ಇಟ್ಟುಕೊಳ್ಳಿ.

ಗಾಳಿ ಸೋರಿಕೆ: ಇದನ್ನು ಮುಂದಕ್ಕೆ ಹಾಕಬೇಡಿ

ಪೆಟ್ರೋಲ್ ಚೆನ್ನಾಗಿ ಬರುತ್ತಿದೆ, ಕಿಡಿ ಚೆನ್ನಾಗಿದೆ, ಆದರೂ ಬಿಸಿಯಾದ ಮೇಲೆ ಆಕ್ಸಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕಿರುಚುತ್ತಲೇ ಇರುತ್ತದೆ, ಐಡ್ಲಿಂಗ್ ಒಂದು ಸಲ ಇದ್ದಂತೆ ಇನ್ನೊಂದು ಸಲ ಇಲ್ಲ. ಇದು ಎಲ್ಲಿಂದಲೋ ಗಾಳಿ ಎಳೆದುಕೊಳ್ಳುವ ಲಕ್ಷಣ. ಮ್ಯಾಗ್ನೆಟ್ ಕಡೆಯ ಸೀಲ್, ಕಾರ್ಬುರೇಟರ್ ಮತ್ತು ಸಿಲಿಂಡರ್ ಮಧ್ಯದ ರಬ್ಬರ್, ಸಿಲಿಂಡರ್ ಅಡಿಯ ಗ್ಯಾಸ್ಕೆಟ್, ಮೂರರಲ್ಲಿ ಒಂದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಹೋಗುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದರೆ ಆಯಿಲೂ ಕಮ್ಮಿ, ಬಿಸಿಯೂ ಜಾಸ್ತಿ. ಇದೇ ಸ್ಥಿತಿಯಲ್ಲಿ ಜೋರಾಗಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಇಲ್ಲ ತಲೆ ತೂತಾಗುತ್ತದೆ. ಸಾಮಾನ್ಯವಾಗಿ ಜನ ಮಾಡುವುದೇನೆಂದರೆ ದೊಡ್ಡ ಮೇನ್ ಜೆಟ್ ಹಾಕುವುದು. ಅದರಿಂದ ಸೋರಿಕೆ ನಿಲ್ಲುವುದಿಲ್ಲ, ಮರೆಯಾಗುತ್ತದೆ.

ಪರೀಕ್ಷೆಗೆ ಸೈಲೆನ್ಸರ್ ಮತ್ತು ಕಾರ್ಬುರೇಟರ್ ಕಳಚಿ ಎರಡೂ ಬಾಯಿಗಳನ್ನು ದಪ್ಪ ರಬ್ಬರ್ ಹಾಳೆ ಮತ್ತು ಒಂದು ತಟ್ಟೆಯಿಂದ ಬಿಗಿಯಾಗಿ ಮುಚ್ಚಿ. ರಬ್ಬರ್ ಅಡಾಪ್ಟರನ್ನು ಜಾಗದಲ್ಲೇ ಬಿಟ್ಟು ಅದರ ಬಾಯಿ ಮುಚ್ಚಿದರೆ ಅದರ ಪರೀಕ್ಷೆಯೂ ಆಗುತ್ತದೆ. ಪಿಸ್ಟನ್ ಕೆಳಗೆ ಇಳಿಸಿ, ಪ್ಲಗ್ ತೂತಿಗೆ ಗೇಜ್ ಇರುವ ಚಿಕ್ಕ ಕೈ ಪಂಪ್ ಜೋಡಿಸಿ, 6 ಪಿಎಸ್‌ಐ (ಒತ್ತಡದ ಅಳತೆ) ತುಂಬಿಸಿ. ಕಂಪ್ರೆಸರ್ ಬೇಡವೇ ಬೇಡ, ಒತ್ತಡ ಜಾಸ್ತಿಯಾದರೆ ಒಳ್ಳೆಯ ಸೀಲ್ ಕೂಡ ಜಾಗ ಬಿಟ್ಟು ಎದ್ದು ಬರುತ್ತದೆ. 6 ನಿಮಿಷ ಮುಳ್ಳು ಹೆಚ್ಚುಕಮ್ಮಿ ಅಲ್ಲೇ ನಿಲ್ಲಬೇಕು. ನಿಮಿಷಕ್ಕೆ 1 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಹುಡುಕಬೇಕು. ಸೋಪಿನ ನೀರು ಬ್ರಶ್‌ನಲ್ಲಿ ಹಚ್ಚುತ್ತಾ ಹೋಗಿ. ಮೊದಲು ನೀವೇ ಹಾಕಿದ ಮುಚ್ಚಳಗಳು ಮತ್ತು ಪಂಪಿನ ಜೋಡಣೆ ನೋಡಿ, ಬಹಳ ಸಲ ಸೋರುವುದು ಅಲ್ಲೇ. ಆಮೇಲೆ ಮ್ಯಾಗ್ನೆಟ್ ಬಿಚ್ಚಿ ಕ್ರ್ಯಾಂಕ್ ಸುತ್ತ. ಸೀಲ್ ಹೋಗಿದ್ದರೆ ಶಾಫ್ಟಿನ ಸುತ್ತ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದೇ ಜಾಗದಿಂದ ಎದ್ದು ನೊರೆ ಕಟ್ಟುತ್ತವೆ. ಶಾಫ್ಟನ್ನು ಸ್ವಲ್ಪ ತಿರುಗಿಸಿ ಮತ್ತೆ ನೋಡಿ, ಗುಳ್ಳೆಯ ಜಾಗವೂ ಅದರ ಜೊತೆ ತಿರುಗಿದರೆ ಹೊಸ ಸೀಲ್ ಮಾತ್ರ ಸಾಲದು, ಶಾಫ್ಟಿನ ಮೇಲೇ ಗೀರು ಬಿದ್ದಿದೆ. ಕ್ಲಚ್ ಕಡೆಯ ಸೀಲ್ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗೇರ್ ಬಾಕ್ಸಿನ ಉಸಿರು ಪೈಪನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಉತ್ತರ ಸಿಕ್ಕಿತು.

ಮ್ಯಾಗ್ನೆಟ್ ಕಡೆಯ ಸೀಲನ್ನು ಬಹಳ ಗಾಡಿಗಳಲ್ಲಿ ಹೊರಗಿನಿಂದಲೇ ಬದಲಾಯಿಸಬಹುದು. ಕೆಲವು ಎಂಜಿನ್‌ಗಳಲ್ಲಿ ಸೀಲಿನ ಅಂಚು ಕ್ರ್ಯಾಂಕ್ ಕೇಸಿನ ಒಳಗೆ ಸಿಕ್ಕಿಕೊಂಡಿರುತ್ತದೆ, ಕೇಸ್ ಬಿಡಿಸದೆ ಬರುವುದಿಲ್ಲ. ಎಳೆಯುವ ಮೊದಲು ಮ್ಯಾನ್ಯುಯಲ್‌ನ ಚಿತ್ರ ನೋಡಿಕೊಳ್ಳಿ. ಸೀಲ್ ಒಳಗೆ ಸವೆದು ಅಲ್ಲಾಡುವ ಮೇನ್ ಬೇರಿಂಗ್ ಇದ್ದರೆ ಹೊಸ ಸೀಲೂ ಬೇಗ ಹೋಗುತ್ತದೆ. ಮ್ಯಾಗ್ನೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಟಕ್ ಟಕ್ ಅಂದರೆ ಬೇರಿಂಗ್ ಕೆಲಸವೂ ಇದೆ.

ಕಂಪ್ರೆಶನ್

ಗೇಜ್ ಹಾಕಿ, ಆಕ್ಸಲರೇಟರ್ ಪೂರ್ತಿ ತೆರೆದು ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆಯಿರಿ. ತಣ್ಣಗಿದ್ದಾಗ ಒಮ್ಮೆ, ನಿಂತ ಕೂಡಲೇ ಒಮ್ಮೆ. 100 ಪಿಎಸ್‌ಐ ಕೆಳಗೆ ಇಳಿದ ಎಂಜಿನ್ ಕಷ್ಟ ಕೊಡುವುದೇ ಸರಿ, ಆದರೆ ಇಲ್ಲಿ ಅಂಕಿಗಿಂತ ಎರಡರ ವ್ಯತ್ಯಾಸ ಮುಖ್ಯ. ಬಿಸಿಯಾದಾಗ ದಿಢೀರನೆ ಬಿದ್ದರೆ ಸೈಲೆನ್ಸರ್ ಕಳಚಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಉದ್ದುದ್ದ ಗೀರು, ರಿಂಗ್ ಮೇಲೆ ಒರೆಸಿದಂತೆ ಮೆತ್ತಿದ ಅಲ್ಯೂಮಿನಿಯಂ, ಬೆರಳಿನಿಂದ ಒತ್ತಿದರೆ ಅಲ್ಲಾಡದ ರಿಂಗ್ ಕಂಡರೆ ಸಿಲಿಂಡರ್ ಇಳಿಸುವುದೇ.

ನಿಮ್ಮದು ಟೂ ಸ್ಟ್ರೋಕ್ ಅಲ್ಲ, 1972ರ ಹೋಂಡಾ ಎಕ್ಸ್‌ಎಲ್250 ತರಹದ ಫೋರ್ ಸ್ಟ್ರೋಕ್ ಆದರೆ ಸೀಲಿನ ಕತೆ ಬಿಟ್ಟು ಟ್ಯಾಪೆಟ್ ನೋಡಿ. ವಾಲ್ವ್ ಸಂದು ಬಿಗಿಯಾಗಿದ್ದರೆ ಬಿಸಿಗೆ ಹಿಗ್ಗಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಶನ್ ಹೋಗುತ್ತದೆ. ಕಿಡಿಯ ಪರೀಕ್ಷೆಗಳು ಅದಕ್ಕೂ ಇವೇ.

ರಿಪೇರಿ ಆದ ಮೇಲೆ

ತಣ್ಣನೆಯ ಎಂಜಿನ್ ಸ್ಟಾರ್ಟ್ ಆಯಿತು ಅಂತ ಸ್ಪ್ಯಾನರ್ ಒಳಗಿಡಬೇಡಿ, ಅದು ಮೊದಲೂ ಆಗುತ್ತಿತ್ತು. ಹಿಂದೆ ಎಷ್ಟು ಹೊತ್ತಿಗೆ ನಿಲ್ಲುತ್ತಿತ್ತೋ ಅದರ ಎರಡರಷ್ಟು ಹೊತ್ತು, ಅದೇ ತರಹದ ಏರಿನಲ್ಲಿ ಓಡಿಸಿ. ಆಮೇಲೆ ಬೇಕೆಂದೇ ನಿಲ್ಲಿಸಿ, ಐದು ನಿಮಿಷ ಬಿಟ್ಟು ಕಿಕ್ ಹೊಡೆಯಿರಿ. ನಿಲ್ಲಿಸಿದ ಮೇಲೆ ಗಾಳಿ ಬಡಿಯುವುದಿಲ್ಲ, ಸಿಲಿಂಡರಿನ ಬಿಸಿಯೆಲ್ಲ ಮ್ಯಾಗ್ನೆಟ್ ಕಡೆಗೆ ಹರಿಯುತ್ತದೆ, ಹಾಗಾಗಿ ಕಾಯಿಲ್‌ಗೆ ಇದು ಇನ್ನೂ ಕಠಿಣ ಪರೀಕ್ಷೆ.

ಸೀಲ್ ಬದಲಾಯಿಸಿದ್ದರೆ ಜೆಟ್ ನಂಬರ್ ತಪ್ಪದೆ ನೋಡಿ. ಹಿಂದಿನ ಮಾಲೀಕರು ಸೋರಿಕೆ ಮುಚ್ಚಲು ದೊಡ್ಡದು ಹಾಕಿದ್ದರೆ ಈಗ ಗಾಡಿ ಹೊಗೆ ಕಾರುತ್ತದೆ, ಪ್ಲಗ್ ಕರಿ ಹಿಡಿಯುತ್ತದೆ. ಮ್ಯಾನ್ಯುಯಲ್ ಹೇಳಿದ ಜೆಟ್‌ಗೆ ವಾಪಸ್ ಬಂದು ಅಲ್ಲಿಂದ ಶುರು ಮಾಡಿ. ಆಯಿಲ್ ಪ್ರಮಾಣವನ್ನೂ ಅದೇ ದಿನ ಬದಲಾಯಿಸಬೇಡಿ. ಆ ಕಾಲದ 20:1, ಅಂದರೆ ಲೀಟರಿಗೆ 50 ಮಿ.ಲೀ., ಬಿಟ್ಟು ಇವತ್ತಿನ ಆಯಿಲ್‌ನಲ್ಲಿ 32:1ಕ್ಕೆ, ಅಂದರೆ 31 ಮಿ.ಲೀ. ಆಸುಪಾಸಿಗೆ ಬಂದರೆ, ಅದೇ ಜೆಟ್‌ನಲ್ಲಿ ಮೊದಲಿಗಿಂತ ಜಾಸ್ತಿ ಪೆಟ್ರೋಲ್ ಹೋಗುತ್ತದೆ. ಒಂದೇ ದಿನ ಎರಡನ್ನೂ ಬದಲಾಯಿಸಿದರೆ ಪ್ಲಗ್ ಬಣ್ಣ ಯಾವುದರಿಂದ ಬದಲಾಯಿತು ಅಂತ ಹೇಳಲಾಗುವುದಿಲ್ಲ.